ಕಾಟಾದ ಮೇಲೆ ಮನೆಗಾಡಿ

ಆ ಗಾಡಿ ಇವತ್ತಿಗೂ ಸತ್ಯನಾರಾಯಣಪೇಟೆಯ ನಮ್ಮ ಮನೆ ಮುಂದೆ ನಿಂತಿದೆ, ಬೇಕಾದವರು ಬಂದು ನೋಡಬಹುದು. ಹಳೆಯ ಟೆಂಪೋ ಟ್ರಾವೆಲರ್. ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡಿಸಿದ್ದೆ. ಅದರಲ್ಲಿ ಕುರುಗೋಡಿಗೆ ಹೋಗಿ, ಗುಡ್ಡದ ಬುಡದಲ್ಲಿ ನಿಲ್ಲಿಸಿ ಅಡುಗೆ ಮಾಡಬೇಕೆಂಬುದೊಂದೇ ನನ್ನ ಹೆಂಡತಿ ಅರುಣಾಳ ಆಸೆ. ನಾನೋ, ಚಾವಣಿ ಸೋರುತ್ತದೆ, ಟೈರು ಬದಲಿಸಬೇಕು ಎನ್ನುತ್ತಲೇ ಇದ್ದೆ. ಗಾಡಿ ಸಜ್ಜಾಗುವ ಹೊತ್ತಿಗೆ ಅವಳೇ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬನೇ ಹೊರಟೆ. ಕುರುಗೋಡಿಗೆ ಮನಸ್ಸಾಗದೆ ಸಿರುಗುಪ್ಪದ ಕಡೆ ತಿರುಗಿಸಿದೆ. ದಾರಿಯಲ್ಲಿ ಚಹಾ ಕಾಸಲು ಹಿಂದೆ ಹೋದರೆ, ನಾನಿನ್ನೂ ಮುಟ್ಟದ ನಲ್ಲಿಯ ಕೆಳಗೆ ಸಿಂಕು ಒದ್ದೆಯಾಗಿತ್ತು. ಅಂಥ ಬಿಸಿಲಿನಲ್ಲೂ ಹಾಸಿಗೆಯ ಒಂದು ಬದಿ ತಣ್ಣಗೆ ಕೊರೆಯುತ್ತಿತ್ತು.

ಭಾರ ನೋಡಿಕೊಂಡೇ ಟೈರಿಗೆ ಗಾಳಿ ತುಂಬಿಸಿ ಎಂದು ಮೆಕ್ಯಾನಿಕ್ ಹೇಳಿದ್ದ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಗಾಡಿ ಹತ್ತಿಸಿ, ಇಂಜಿನ್ ಆರಿಸಿ, ಕೆಳಗಿಳಿದೆ. ತೂಕ ನೋಡುವ ಹುಲಿಗೇಶ್ ಕಿಟಕಿಯಿಂದ ಕೂಗಿದ.

"ಒಳಗ ಅಡ್ಡಾಡೋರ್ನ ಇಳಿಸ್ರಿ ಸರ್, ತೂಕ ನಿಲ್ಲವಲ್ದು."

"ಒಳಗ ಯಾರೂ ಇಲ್ಲಪಾ."

ಅವನು ಅಂಕಿಗಳನ್ನು ತೋರಿಸಿದ. ಏರುತ್ತಿದ್ದವು, ಇಳಿಯುತ್ತಿದ್ದವು, ಒಲೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಒಲೆಗೆ ಯಾರೋ ಓಡಾಡುತ್ತಿದ್ದಂತೆ.

ಗಾಡಿಯ ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದೆ: "ಕುಂದ್ರು ಅರುಣಾ. ಕುರುಗೋಡಿಗೇ ಹೋಗೋಣು."

ಹಿಂದಿನಿಂದ ಹುಲಿಗೇಶನ ದನಿ ಕೇಳಿಸಿತು.

"ಹಾಂ, ಈಗ ನಿಂತೈತಿ ನೋಡ್ರಿ."