ಹತ್ತು ಎಂದು ಬರೆಸಿದ ಹದಿನೈದು

ಸೋಮವಾರ ಬೆಳಿಗ್ಗೆ 10-20ಕ್ಕೆ ಠಾಣೆಗೆ ಬಂದ ದೂರು ಒಂದೇ ಪುಟದ್ದು. ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿರುವ ಏಕೈಕ ಮೈಕ್ರೋಸ್ಕೋಪಿನಿಂದ ಲೆನ್ಸೊಂದು ಕಳುವಾಗಿದೆ, ಹುಡುಕಿಸಿಕೊಡಬೇಕು ಎಂದು ಅಲ್ಲಿನ ಡಾಕ್ಟರಮ್ಮ ಬರೆದಿದ್ದರು. ಇನ್‌ಸ್ಪೆಕ್ಟರ್ ಕಾಗದವನ್ನು ತೋಳು ಎಷ್ಟುದ್ದವೋ ಅಷ್ಟು ದೂರ ಹಿಡಿದರು, ಗಂಟಲು ಸರಿಮಾಡಿಕೊಂಡರು, ಆಮೇಲೆ ದಫೇದಾರಮ್ಮನ ಕೈಗೆ ದಾಟಿಸಿದರು.

"ಓದಮ್ಮ, ಎಲ್ಲರಿಗೂ ಕೇಳಲಿ."

ಎಲ್ಲರೂ ಎಂದರೆ ಆ ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ಎರಡು ವರ್ಷದಿಂದ ಠಾಣೆಯ ಕಾಗದಪತ್ರವೆಲ್ಲ ಹೀಗೆ ದಫೇದಾರಮ್ಮನ ಬಾಯಿಂದಲೇ ಸಾಹೇಬರ ಕಿವಿಗೆ ಹೋಗುತ್ತಿತ್ತು. ಹೆಂಡತಿ ಮಾಡಿಸಿಕೊಟ್ಟ ಚಾಳೀಸು ಡ್ರಾಯರಿನೊಳಗೆ ಡಬ್ಬಿ ಸಮೇತ ಮಲಗಿತ್ತು. ಅದನ್ನು ಮೂಗಿಗೇರಿಸಿದರೆ ಕಳ್ಳರು ಕೂಡ ತಾತ ಎಂದಾರು ಎಂಬ ಭಯ ಇನ್‌ಸ್ಪೆಕ್ಟರಿಗೆ. ವಯಸ್ಸು ಐವತ್ತೊಂದು. ದಫೇದಾರಮ್ಮನಿಗೆ ಎಲ್ಲವೂ ಗೊತ್ತಿತ್ತು, ಆದರೆ ಕೇಳುವವರೆಗೂ ಹೇಳುವ ಜಾಯಮಾನ ಆಕೆಯದಲ್ಲ.

ಎಫ್‌ಐಆರ್ ದಾಖಲಾಯಿತು. ಕ್ರಮಸಂಖ್ಯೆ 84. ಹನ್ನೊಂದೂ ಮುಕ್ಕಾಲಿಗೆ ಇಬ್ಬರೂ ಆಸ್ಪತ್ರೆಯಲ್ಲಿದ್ದರು.

ಪರೀಕ್ಷೆ ಕೋಣೆ ಹತ್ತಡಿ ಅಗಲ. ಕಿಟಕಿಯ ಕೆಳಗೆ ಬಿಳಿ ಮೇಜು, ಅದರ ಮೇಲೆ ಕಪ್ಪು ಮೈಕ್ರೋಸ್ಕೋಪ್, ಪಕ್ಕದಲ್ಲೊಂದು ಪುಟ್ಟ ಎಣ್ಣೆ ಸೀಸೆ. ಅದರ ತಿರುಗುವ ಮೂತಿಯಲ್ಲಿ ನಾಲ್ಕು ಲೆನ್ಸಿಗೆ ಜಾಗ, ಈಗ ಇದ್ದದ್ದು ಮೂರು. ನಾಲ್ಕನೆಯ ಕಡೆ ತಿರುಪಿನ ತೂತು ಬಾಯಿ ಬಿಟ್ಟುಕೊಂಡಿತ್ತು. ಕೋಣೆಯ ಹಿರಿಯ ತಂತ್ರಜ್ಞ ಪಕ್ಕದಲ್ಲೇ ನಿಂತಿದ್ದರು. ಇಪ್ಪತ್ತಾರು ವರ್ಷ ಗಾಜಿನ ಸ್ಲೈಡು ನೋಡಿ ನೋಡಿ ಊರಿಗೆಲ್ಲ ಸ್ಲೈಡಣ್ಣ ಎಂದೇ ಹೆಸರಾದವರು. ಜ್ವರ ಬಂದವರ ರಕ್ತದಲ್ಲಿ ಮಲೇರಿಯಾ ಇದೆಯೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ.

"ಏನಿದರ ವಿಶೇಷ?" ಇನ್‌ಸ್ಪೆಕ್ಟರ್ ಕೇಳಿದರು.

"ಹೋಗಿರೋದು ನೂರು ಪಟ್ಟಿನ ಲೆನ್ಸ್ ಸಾರ್. ಅದು ರಕ್ತದ ಕಣಾನ ನೂರು ಪಟ್ಟು ದೊಡ್ಡದು ಮಾಡಿ ಈ ಕೊಳವೆಯೊಳಗೆ ಒಂದು ಬಿಂಬ ನಿಲ್ಲಿಸುತ್ತೆ. ಮೇಲೆ ಕಣ್ಣಿಡ್ತೀವಲ್ಲ, ಈ ಐಪೀಸು, ಇದು ಆ ಬಿಂಬಾನ ಮತ್ತೆ ಹತ್ತು ಪಟ್ಟು ಮಾಡುತ್ತೆ. ನೂರು ಹತ್ತಲ ಸಾವಿರ."

"ಎಣ್ಣೆ ಸೀಸೆ ಯಾಕೆ?"

"ಸ್ಲೈಡಿಗೂ ಲೆನ್ಸಿಗೂ ನಡುವೆ ಒಂದು ತೊಟ್ಟು ಬಿಡಬೇಕು. ನಡುವೆ ಗಾಳಿ ಇದ್ರೆ ಬೆಳಕು ಅಡ್ಡದಾರಿ ಹಿಡಿಯುತ್ತೆ, ಎಣ್ಣೆ ಇದ್ರೆ ಒಳಗೆ ಬರುತ್ತೆ. ಒಂದೇ ತೊಟ್ಟು ಸಾಕು."

ಮಾತಾಡುವಾಗ ಆ ಮನುಷ್ಯನ ಕೈ ಅಂಗಿಯ ಜೇಬಿನ ಮೇಲೆ ಹೋಗಿ ಹೋಗಿ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಗಾದೆ ಗೊತ್ತಿದ್ದ ಮಾತ್ರಕ್ಕೆ ಕಳ್ಳ ಸಿಗುವುದಿಲ್ಲ, ಎದುರಿಗಿರುವ ಹೆಗಲನ್ನೂ ನೋಡಬೇಕು. ಇನ್‌ಸ್ಪೆಕ್ಟರ್ ನೋಡಲಿಲ್ಲ.

ಪಂಚನಾಮೆ ಶುರುವಾಯಿತು. ಔಷಧ ಕೊಡುವವರೊಬ್ಬರು, ಕಚೇರಿ ಗುಮಾಸ್ತರೊಬ್ಬರು ಪಂಚರು. ದಫೇದಾರಮ್ಮ ಮೇಜಿನ ಆ ತುದಿಯಲ್ಲಿ ಬರೆಯುತ್ತಿದ್ದರು. ಐಪೀಸಿನ ಅಂಚಿನಲ್ಲಿ ಬಿಳಿ ಅಂಕಿ ಕೊರೆದಿತ್ತು. ಇನ್‌ಸ್ಪೆಕ್ಟರ್ ಬಗ್ಗಿದರು. ಅಂಕಿಗಳು ಒಂದರ ಮೈಮೇಲೆ ಒಂದು ಬಿದ್ದು ಬಿಳಿ ಕಲೆಯಾದವು. ಕಣ್ಣು ಕಿರಿದು ಮಾಡಿದರೂ ಕಲೆ ಬಿಡಿಸಿಕೊಳ್ಳಲಿಲ್ಲ. ನಾಲ್ಕು ಜನರೆದುರು "ನನಗೆ ಕಾಣೋದಿಲ್ಲ" ಎನ್ನುವುದು ಹೇಗೆ? ಅವರು ಸ್ಲೈಡಣ್ಣನ ಕಡೆ ಅರೆ ತಿರುಗಿದರು.

"ಹತ್ತು, ಸಾರ್," ಎಂದರು ಸ್ಲೈಡಣ್ಣ ಮೆಲ್ಲಗೆ.

"ಎರಡು ಐಪೀಸು, ಹತ್ತು ಪಟ್ಟಿನವು. ಬರ್ಕೊಳ್ಳಮ್ಮ."

ಪಂಚರು ಪಂಚರಂತೆಯೇ ಓದದೆ ಸಹಿ ಹಾಕಿದರು. ಮೈಕ್ರೋಸ್ಕೋಪಿಗೆ ಬಟ್ಟೆ ಸುತ್ತಿ, ಗಂಟಿಗೆ ಅರಗು ಮೆತ್ತಿ, ಠಾಣೆಯ ಮೊಹರು ಒತ್ತಿದ್ದಾಯಿತು.

ಕೋಣೆಗೆ ಎರಡು ಬೀಗದಕೈ. ಒಂದು ಸ್ಲೈಡಣ್ಣನದು, ಇನ್ನೊಂದು ಕಸ ಗುಡಿಸಿ ಮೇಜು ಒರೆಸುವ ಹೆಂಗಸಿನದು. ಹತ್ತೊಂಬತ್ತು ವರ್ಷದಿಂದ ಕೆಲಸದಲ್ಲಿದ್ದ ಆಕೆಯನ್ನು ಡಾಕ್ಟರುಗಳೂ ಅಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ನೀಲಿ ಕೋಟಿನ ಜೇಬು ನೋಡಿದರೆ ಎಣ್ಣೆಯ ಕಲೆ. ಅದೇ ಸೀಸೆಯ ಎಣ್ಣೆ.

"ಬಾಗಿಲು ಎಷ್ಟೊತ್ತಿಗೆ ತೆಗೆದೆ?"

"ಏಳಕ್ಕೆ ಸಾರ್."

"ಲೆನ್ಸ್ ಇತ್ತಾ?"

"ನಾನು ಮಿಷನ್ನಿನ ಕವರ್ ತೆಗೆಯೋದೇ ಇಲ್ಲ."

"ಜೇಬಿಗೆ ಎಣ್ಣೆ ಹೇಗೆ ಬಂತು?"

"ಮೇಜು ಒರೆಸಿದ ಬಟ್ಟೆ ಜೇಬಲ್ಲಿ ಇಟ್ಕೋತೀನಿ. ಮೊದಲೆಲ್ಲ ಅಲ್ಲೊಂದು ಇಲ್ಲೊಂದು ತೊಟ್ಟು ಇರ್ತಿತ್ತು. ಮೂರು ತಿಂಗಳಿಂದ ಮೇಜೆಲ್ಲ ಎಣ್ಣೆ ಸಾರ್. ಒರೆಸಿ ಸಾಕಾಗುತ್ತೆ."

"ಕತೆ ಬೇಡ. ಠಾಣೆಗೆ ನಡಿ."

ಸ್ಲೈಡಣ್ಣ ಕಿಟಕಿಯಾಚೆ ನೋಡುತ್ತಿದ್ದರು.

ಠಾಣೆಯ ಬೆಂಚು ರಸ್ತೆಗೆ ಮುಖ ಮಾಡಿದೆ. ಅಲ್ಲಿ ಕೂತವರನ್ನು ಬಸ್ಸಿನಲ್ಲಿ ಹೋಗುವವರೂ ಗುರುತಿಸಬಹುದು. ಅಕ್ಕ ಸೋಮವಾರ ಒಂದರಿಂದ ಐದೂವರೆಯವರೆಗೆ ಅಲ್ಲಿ ಕೂತರು, ಮಂಗಳವಾರ ಹತ್ತರಿಂದ ಐದರವರೆಗೆ. ಮನೆ ಶೋಧಿಸಿದರೂ ಏನೂ ಸಿಗಲಿಲ್ಲ. ಕೇಳಿದ್ದನ್ನೇ ಕೇಳಿದರು, ಆಕೆ ಹೇಳಿದ್ದನ್ನೇ ಹೇಳಿದರು. ಪಕ್ಕದ ಮನೆಯವರು ಬಂದು ಇಣುಕಿ ಹೋದರು. ಲೆನ್ಸ್ ಸಿಗುವ ತನಕ ಕೆಲಸಕ್ಕೆ ಬರಬೇಡಿ, ಸಿಗದಿದ್ದರೆ ಬರಲೇಬೇಡಿ ಎಂದು ಆಸ್ಪತ್ರೆಯಿಂದ ಚೀಟಿ ಬಂತು. ಅದನ್ನು ಆಕೆ ಎರಡು ಸಲ ಓದಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಸಾರ್," ಎಂದರು ದಫೇದಾರಮ್ಮ, ಫೈಲಿನಿಂದ ತಲೆ ಎತ್ತದೆ.

"ಯಾರ ಮಾನ?"

"ಗಾದೆ ಹೇಳಿದೆ ಅಷ್ಟೆ."

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಡಾಕ್ಟರಮ್ಮನ ಫೋನು. ಬೇರೆ ಆಸ್ಪತ್ರೆಯಿಂದ ನೂರು ಪಟ್ಟಿನ ಲೆನ್ಸ್ ಎರವಲು ತಂದಿದ್ದಾರೆ, ಜ್ವರದವರ ನಲವತ್ತೆರಡು ಸ್ಲೈಡು ಕಾಯುತ್ತಿವೆ, ಮೊಹರು ತೆಗೆದುಕೊಡಿ. ಇಬ್ಬರೂ ಮತ್ತೆ ಆಸ್ಪತ್ರೆಗೆ ಹೋಗಿ ಅದೇ ಪಂಚರನ್ನು ಕರೆಸಿದರು. ಮೊಹರು ಹಾಕಿದ ಹಾಗೇ ಇದೆ ಎಂದು ಬರೆದುಕೊಂಡು ಅರಗು ಒಡೆದರು. ಡಾಕ್ಟರಮ್ಮ ಲೆನ್ಸ್ ತಿರುಪಿ, ಎಣ್ಣೆ ಬಿಟ್ಟು, ಕಣ್ಣಿಟ್ಟು ಹುಬ್ಬು ಗಂಟಿಕ್ಕಿದರು.

"ಇದ್ಯಾಕೆ ಹೀಗೆ ಕಾಣ್ತಿದೆ? ಎಲ್ಲ ದೊಡ್ಡದು, ಎಲ್ಲ ಮಸುಕು." ತಲೆ ಎತ್ತಿ ಐಪೀಸಿನ ಅಂಚು ನೋಡಿದರು. "ಹದಿನೈದು ಪಟ್ಟಿಂದು! ಇದನ್ನ ಯಾರು ಹಾಕಿದ್ರು? ನಿಮ್ಮ ಪಂಚನಾಮೆಯಲ್ಲಿ ಹತ್ತು ಅಂತ ಇದೆಯಲ್ಲ ಇನ್‌ಸ್ಪೆಕ್ಟರೇ?"

ದಫೇದಾರಮ್ಮ ಪಂಚನಾಮೆ ತೆಗೆದರು. ಹತ್ತು ಎಂದೇ ಇತ್ತು. ಮೊಹರು ಒಡೆದಿರಲಿಲ್ಲ. ಮೊಹರು ಸರಿಯಿದ್ದರೆ ಒಳಗಿನ ಐಪೀಸು ಸೋಮವಾರವೂ ಹದಿನೈದೇ. ಹಾಗಾದರೆ ಸುಳ್ಳಾಗಿದ್ದು ಪಂಚನಾಮೆ. ಇನ್‌ಸ್ಪೆಕ್ಟರಿಗೆ ಕಿವಿಯವರೆಗೂ ಬಿಸಿಯೇರಿತು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಏಟು ತಿಂದಿದ್ದರು, ಬೈಗುಳ ತಿಂದಿದ್ದರು, ಇಷ್ಟು ನಾಚಿಕೆ ತಿಂದಿರಲಿಲ್ಲ.

"ನಾನು ಓದ್ಲಿಲ್ಲ," ಎಂದರು. ದನಿ ಅವರದೇ ಎಂದು ನಂಬುವುದು ಕಷ್ಟವಾಯಿತು. "ನನಗೆ ಹತ್ತಿರದ್ದು ಕಾಣಲ್ಲ. ಸ್ಲೈಡಣ್ಣ ಹತ್ತು ಅಂದ್ರು, ನಾನು ಬರೆಸಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ದಫೇದಾರಮ್ಮ ತಮ್ಮ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಡ್ರಾಯರಿನಲ್ಲಿದ್ದ ಚಾಳೀಸು. ಆಕೆ ಅದನ್ನು ಎಷ್ಟು ದಿನದಿಂದ ಹೊತ್ತು ತಿರುಗುತ್ತಿದ್ದರೋ. ಇನ್‌ಸ್ಪೆಕ್ಟರ್ ಹಾಕಿಕೊಂಡು ಬಗ್ಗಿದರು. ಒಂದು, ಐದು. ಬಿಳಿ ಕಲೆ ಅಂಕಿಯಾಯಿತು.

"ಡಾಕ್ಟರೇ, ಹದಿನೈದು ಹಾಕಿದ್ರೆ ಲಾಭ ಅಲ್ವಾ? ಸಾವಿರದ ಬದಲು ಸಾವಿರದೈನೂರು."

"ದೊಡ್ಡದಾಗುತ್ತೆ, ಹೆಚ್ಚು ಕಾಣೋದಿಲ್ಲ. ಎರಡು ಚುಕ್ಕೀನ ಬೇರೆ ಬೇರೆ ಅಂತ ಬಿಡಿಸೋದು ಕೆಳಗಿನ ಲೆನ್ಸು. ಅದು ಬಿಡಿಸದೇ ಇದ್ದದ್ದನ್ನ ಐಪೀಸು ಬಿಡಿಸೋಕಾಗಲ್ಲ, ಬರೀ ಹಿಗ್ಗಿಸುತ್ತೆ. ಮಸುಕನ್ನ ಹಿಗ್ಗಿಸಿದ್ರೆ ದೊಡ್ಡ ಮಸುಕು ಸಿಗುತ್ತೆ. ಈ ಜೋಡಿ ಪೆಟ್ಟಿಗೆಯಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ."

"ಯಾರಿಗೆ ಬೇಕಾಗಬಹುದು?"

"ಕಣ್ಣೇ ಸರಿಯಿಲ್ಲದವರಿಗೆ," ಎಂದರು ಡಾಕ್ಟರಮ್ಮ.

ಮೂರು ತಿಂಗಳಿಂದ ಮೇಜೆಲ್ಲ ಎಣ್ಣೆ. ತೊಟ್ಟು ಬಿದ್ದದ್ದು ಕಾಣದವನು ಇನ್ನೊಂದು ತೊಟ್ಟು ಬಿಡುತ್ತಾನೆ, ಮತ್ತೊಂದು ಬಿಡುತ್ತಾನೆ. ಅಕ್ಕ ಅದನ್ನು ಸೋಮವಾರವೇ ಹೇಳಿದ್ದರು. ಕತೆ ಬೇಡ ಎಂದವರು ಯಾರು?

"ಈ ವಾರ ಇಲ್ಲಿ ಬೇರೇನಾದ್ರೂ ನಡೆಯೋದಿತ್ತಾ?"

"ನಿನ್ನೆ ತಪಾಸಣೆಯವರು ಬರಬೇಕಿತ್ತು. ಗುಟ್ಟಾಗಿ ಗುರುತು ಹಾಕಿದ ಇಪ್ಪತ್ತು ಸ್ಲೈಡು ತಂದು ತಮ್ಮೆದುರೇ ಸ್ಲೈಡಣ್ಣನ ಕೈಲಿ ಓದಿಸ್ತಾರೆ. ಲೆನ್ಸ್ ಇಲ್ಲ ಅಂತ ಮುಂದಕ್ಕೆ ಹಾಕಿದ್ವಿ."

ಕರೆಸಿದ ಮೇಲೆ ಮಧ್ಯಾಹ್ನ 2-50ಕ್ಕೆ ಸ್ಲೈಡಣ್ಣ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. ಇನ್‌ಸ್ಪೆಕ್ಟರ್ ಚಾಳೀಸು ತೆಗೆಯಲಿಲ್ಲ. ಸ್ಲೈಡಣ್ಣ ಅದನ್ನು ನೋಡಿದರು, ಐಪೀಸಿನ ಕಡೆ ನೋಡಿದರು, ಜೇಬಿಗೆ ಕೈ ಹಾಕಿ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿ ಮೇಜಿನ ಮೇಲಿಟ್ಟರು. ಒಳಗೆ ಮೆತ್ತನೆಯ ಕಾಗದದಲ್ಲಿ ಸುತ್ತಿದ ಲೆನ್ಸ್. ಒರೆಸಿ ಶುಚಿಯಾಗಿತ್ತು.

"ಯಾವಾಗ ತೆಗೆದ್ರಿ?"

"ಸೋಮವಾರ ಎಂಟೂವರೆಗೆ."

"ಕಣ್ಣಿಗೇನಾಗಿದೆ?"

"ಒಳಗಿನ ಪರದೆ ಸವೆದಿದೆಯಂತೆ. ನೇರ ನೋಡಿದ ಕಡೆ ಹೊಗೆ. ಆಪರೇಷನ್‌ಗೆ ಸರಿಹೋಗೋದಲ್ಲ. ಹದಿನೈದು ಹಾಕಿದಾಗ ಮೊದಲು ಸ್ವಲ್ಪ ಅನುಕೂಲ ಆಯ್ತು. ಆಮೇಲೆ ಹೊಗೇನೂ ದೊಡ್ಡದಾಯ್ತು."

"ಯಾರಿಗೂ ಹೇಳ್ಲಿಲ್ಲ?"

"ಊರೆಲ್ಲ ಸ್ಲೈಡಣ್ಣ ಅನ್ನುತ್ತೆ ಸಾರ್. ಸ್ಲೈಡೇ ಕಾಣದಿದ್ರೆ ನನ್ನನ್ನ ಏನಂತ ಕರೀತಾರೆ?"

ಇನ್‌ಸ್ಪೆಕ್ಟರ್ ಐಪೀಸಿನ ಮೇಲೆ ಬೆರಳಿಟ್ಟರು. "ನನಗೆ ಹತ್ತು ಅಂತ ಯಾಕೆ ಹೇಳಿದ್ರಿ? ನಾನು ಓದಿಬಿಟ್ಟಿದ್ರೆ?"

"ನೀವು ಓದಲ್ಲ ಅಂತ ಗೊತ್ತಾಯ್ತು. ಬಗ್ಗಿದ್ರಿ, ಆಮೇಲೆ ನನ್ನ ಕಡೆ ತಿರುಗಿದ್ರಿ. ಕಾಣದವರು ಹೇಗೆ ತಿರುಗ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತು ಸಾರ್."

ಆ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆಯಲಿ ಎಂದು ಇನ್‌ಸ್ಪೆಕ್ಟರ್ ಮುಂದಿನದನ್ನೂ ಕೇಳಿದರು.

"ಅಕ್ಕ ಬೆಂಚಿನ ಮೇಲೆ ಕೂತಿದ್ದು ನೋಡಿದ್ರಾ?"

"ಎರಡು ದಿನವೂ ಆ ದಾರೀಲೇ ಮನೆಗೆ ಹೋದೆ. ಮುಖ ಕಾಣ್ಲಿಲ್ಲ. ಆದರೂ ಅಕ್ಕ ಅಂತ ಗೊತ್ತಾಯ್ತು. ಒಳಗೆ ಬಂದು ಹೇಳಬೇಕು ಅಂತ ಗೇಟಿನವರೆಗೂ ಬಂದೆ ಸಾರ್. ಬಂದು, ವಾಪಸ್ ಹೋದೆ." ಇನ್ನೊಂದು ಜೇಬಿನಿಂದ ಪುಟ್ಟ ನೋಟ್‌ಬುಕ್ಕು ತೆಗೆದು ಕೊಟ್ಟರು. "ಇದನ್ನ ಡಾಕ್ಟರಮ್ಮನಿಗೆ ಕೊಡಿ. ನನಗೆ ಅನುಮಾನ ಬಂದ ಸ್ಲೈಡಿನ ನಂಬರು ಎಲ್ಲ ಇವೆ. ಮಲೇರಿಯಾ ಇಲ್ಲ ಅಂತ ಬರೆದುಕೊಟ್ಟಿದ್ದೀನಿ. ಇವರನ್ನ ಮೊದಲು ಕರೆಸಿ."

ಒಟ್ಟು ಮೂವತ್ತೊಂದು ನಂಬರು. ಮೊದಲ ಪುಟದಲ್ಲಿ ಅಂಕಿಗಳು ಅಕ್ಕಿಕಾಳಿನಷ್ಟಿದ್ದವು, ಒಂದೇ ಪುಟಕ್ಕೆ ಹದಿನಾಲ್ಕು. ಮುಂದಿನ ಪುಟಗಳಲ್ಲಿ ಅವು ಬೆಳೆಯುತ್ತಾ ಹೋಗಿದ್ದವು. ಕೊನೆಯ ಪುಟದಲ್ಲಿ ಒಂದೇ ನಂಬರು, ಪುಟ ತುಂಬ.

3-40ಕ್ಕೆ ಬಂಧನ ದಾಖಲಾಯಿತು. ಸಂಜೆಯೊಳಗೆ ಡಾಕ್ಟರಮ್ಮ ಮೂವತ್ತೊಂದರಲ್ಲಿ ಒಂಬತ್ತು ತಪ್ಪು ಕಂಡುಹಿಡಿದರು. ಒಂಬತ್ತೂ ಜನರ ಮನೆಗೆ ಆಳು ಹೋಯಿತು. ಇಬ್ಬರು ಆಗಲೇ ಹಾಸಿಗೆ ಹಿಡಿದಿದ್ದರು, ಔಷಧಿ ಶುರುವಾಯಿತು. ಲೆನ್ಸಿನಿಂದ ಆತನಿಗೆ ದಮ್ಮಡಿ ಲಾಭವಿರಲಿಲ್ಲ. ಕಾಣುವುದಿಲ್ಲ ಎಂಬ ಒಂದೇ ಮಾತನ್ನು ಆಡಲಾರದೆ ಅದನ್ನು ಜೇಬಿಗೆ ಹಾಕಿಕೊಂಡಿದ್ದ. ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಇಷ್ಟನ್ನು ತಮ್ಮ ಕೈಯಾರೆ ಬರೆದರು. ಅದೇ ಮಾತನ್ನು ಆಡಲಾರದೆ ತಾವು ಮಾಡಿದ್ದನ್ನು ಬೇರೆ ಹಾಳೆಯಲ್ಲಿ ಬರೆದರು.

ಶುಕ್ರವಾರ ಬೆಳಿಗ್ಗೆ ಅಕ್ಕನನ್ನು ಕರೆಸಿದರು. ಆಕೆ ಬಂದು ಅಭ್ಯಾಸಬಲದಿಂದ ಅದೇ ಬೆಂಚಿನ ಮೇಲೆ ಕೂತರು. ಅಲ್ಲಿ ಆಗಲೇ ಐದಾರು ಜನರಿದ್ದರು. ಇನ್‌ಸ್ಪೆಕ್ಟರೇ ಎದ್ದು ಹೊರಗೆ ಬಂದರು.

"ಅಕ್ಕ, ನಾಳೆಯಿಂದ ಕೆಲಸಕ್ಕೆ ಹೋಗಬಹುದು ನೀವು. ಆಸ್ಪತ್ರೆಯವರಿಗೆ ಹೇಳಿದೀನಿ. ಈ ಕಾಗದ ಇಟ್ಕೊಳ್ಳಿ. ನನ್ನಿಂದ ತಪ್ಪಾಯ್ತು."

ನೀನು ಹೋಗಿ ನೀವು ಆದದ್ದನ್ನು ಅಕ್ಕ ಗಮನಿಸಿದರೋ ಇಲ್ಲವೋ, ಮುಖದಲ್ಲಿ ಏನೂ ತೋರಲಿಲ್ಲ. ಕಾಗದಕ್ಕೆ ಕೈ ಚಾಚಲೂ ಇಲ್ಲ.

"ನೀವು ತಪ್ಪಾಯ್ತು ಅಂದಿದ್ದು ನನಗೊಬ್ಬಳಿಗೆ ಕೇಳಿಸ್ತು ಸಾರ್. ನಾನಿಲ್ಲಿ ಕೂತಿದ್ದು ಬೀದಿಗೆಲ್ಲ ಕಾಣಿಸ್ತು."

"ಏನು ಮಾಡಲಿ ಹೇಳಿ."

"ಓದಿ. ನೀವೇ ಓದಿ, ಜೋರಾಗಿ."

ಒಳಗಿನಿಂದ ದಫೇದಾರಮ್ಮ ನೋಡುತ್ತಿದ್ದರು, ಆದರೆ ಎದ್ದು ಬರಲಿಲ್ಲ. ಇನ್‌ಸ್ಪೆಕ್ಟರ್ ಜೇಬಿನಿಂದ ಡಬ್ಬಿ ತೆಗೆದರು. ಚಾಳೀಸು ಮೂಗಿಗೇರಿಸಿಕೊಂಡು, ಬೀದಿಗೆ ಮುಖ ಮಾಡಿ ನಿಂತು ಓದಿದರು. ಈ ಕಳವಿಗೂ ಈಕೆಗೂ ಸಂಬಂಧವಿಲ್ಲ. ಪಂಚನಾಮೆಯಲ್ಲಿ ಹತ್ತು ಎಂದು ಬರೆಸಿದ್ದು ತನಿಖಾಧಿಕಾರಿಯ ತಪ್ಪು. ಅಂಕಿ ತನಗೆ ಕಾಣದಿದ್ದುದನ್ನು ಆತ ಮುಚ್ಚಿಟ್ಟದ್ದರಿಂದ ನಿರಪರಾಧಿಯೊಬ್ಬರನ್ನು ಎರಡು ದಿನ ಠಾಣೆಯಲ್ಲಿ ಕೂರಿಸಲಾಯಿತು.

ಬೆಂಚಿನವರು ಮಾತು ನಿಲ್ಲಿಸಿದ್ದರು. ಗೇಟಿನ ಹತ್ತಿರ ಪಕ್ಕದ ಮನೆಯ ಹೆಂಗಸು ಆಗಷ್ಟೇ ಬಂದು ನಿಂತಿದ್ದಳು, ಇಣುಕುವುದಕ್ಕೆ. ಅಕ್ಕ ಅವಳನ್ನು ನೋಡಿದರು, ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

"ಇನ್ನೊಂದ್ಸಲ ಓದಿ ಸಾರ್. ಇವರಿಗೆ ಕೇಳಿಸ್ಲಿಲ್ಲ."

ಇನ್‌ಸ್ಪೆಕ್ಟರ್ ಮೊದಲಿನಿಂದ ಓದಿದರು.