ಹಸಿರು ಪರದೆ, ದೊಡ್ಡ ಕತ್ತರಿ

ಅಜ್ಜಿಯರ ಕತೆಗಳಲ್ಲಿ ರಾಜಕುಮಾರಿಯನ್ನು ಏಳು ಸುತ್ತಿನ ಕೋಟೆಯೊಳಗೆ ಬಚ್ಚಿಡುತ್ತಾರೆ. ಮಾಸ್ಟರ ಮಗಳನ್ನು ಬಚ್ಚಿಟ್ಟಿದ್ದು ಒಂದು ಮಾಸಲು ಹಸಿರು ಪರದೆಯ ಹಿಂದೆ.

ಪರದೆಯ ಈಚೆ, ಗಂಡಸರ ಸೂಟಿಗೆ ಹೆಸರಾದ ಟೈಲರ್ ಅಂಗಡಿ. ಆಳೆತ್ತರದ ಕನ್ನಡಿ, ಮಷಿನ್‌ಗಳ ಸಾಲು. ಪರದೆಯ ಆಚೆ ಕಿಟಕಿಯಿಲ್ಲದ ಮೂಲೆ, ಕಟಿಂಗ್ ಟೇಬಲ್ಲು, ಅದರ ಮೇಲೆ ದೊಡ್ಡ ಕತ್ತರಿ. ಆ ಕತ್ತರಿ ಹಿಡಿದವರನ್ನಷ್ಟೇ ಅಲ್ಲಿ ಮಾಸ್ಟರ್ ಎನ್ನುವುದು. ಅವಳು ಹುಟ್ಟುವ ಮೊದಲಿನಿಂದಲೂ ಅಪ್ಪನೇ ಮಾಸ್ಟರ್. ಅಪ್ಪನ ಕೈ ನಡುಗತೊಡಗಿದ ಮೇಲೆ ಅಳತೆ ಮಾತ್ರ ಅವರದು, ಬಟ್ಟೆಗೆ ಕತ್ತರಿ ಹಾಕುವವಳು ಮಗಳು. ಹುಡುಗಿ ಕತ್ತರಿಸಿದ್ದು ಅಂತ ಗೊತ್ತಾದರೆ ಗಿರಾಕಿ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯಕ್ಕೆ ಅಪ್ಪ ಈ ಗುಟ್ಟನ್ನು ಹತ್ತಿರದ ನೆಂಟರಿಗೂ ಹೇಳಿರಲಿಲ್ಲ. ಅಂಗಡಿಯವರ ಲೆಕ್ಕಕ್ಕೆ ಅವಳು ಅಪ್ಪನ ಕೈಗೆ ಬಟ್ಟೆ ಎತ್ತಿಕೊಡುವವಳು, ಅಷ್ಟೇ.

ಅದನ್ನು ಕಂಡುಹಿಡಿದವನು ಕೋಟು ಹೊಲಿಯುವವನು. ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆ ಇದ್ದಕ್ಕಿದ್ದಂತೆ ನಡುಗುವುದನ್ನು ಬಿಟ್ಟಿತ್ತು. ಅವನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಪರದೆಯ ಕೆಳಗಿನಿಂದ ಒಂದು ಲೋಟ ಟೀ ಒಳಗೆ ಜಾರಿ ಬಂತು, ಅಷ್ಟೇ.

ಆಮೇಲೆ ಶುರುವಾದದ್ದು ಕನ್ನಡಿಯ ಕತೆ. ಪರದೆಯ ಸಂದಿಯಿಂದ ನೋಡಿದರೆ ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ಅವಳು ನೋಡಿದಾಗಲೆಲ್ಲ ಅವನ ಸೂಜಿ ದಾರಿ ತಪ್ಪಿ ಬೆರಳಿಗೆ ಇಳಿಯುತ್ತಿತ್ತು. ಪಕ್ಕದ ಮಷಿನ್‌ನ ಮುದುಕ, ಈ ಹುಡುಗ ಬಟ್ಟೆಗಿಂತ ಬೆರಳನ್ನೇ ಜಾಸ್ತಿ ಹೊಲಿಯುತ್ತಾನೆ ಎಂದು ಗೊಣಗುತ್ತಿದ್ದ.

ಅಪ್ಪ ಕೆಲಸ ಬಿಡುವ ದಿನ ಬಂತು. ಇವತ್ತಾದರೂ ತನ್ನ ಹೆಸರು ಹೇಳುತ್ತಾರೆಂದು ಅವಳು ಪರದೆಯ ಹಿಂದೆ ಕಿವಿಯಾಗಿ ನಿಂತಿದ್ದಳು. ಅಂಗಡಿಯ ಯಜಮಾನರು ದೊಡ್ಡ ಕತ್ತರಿಯನ್ನು ತರಿಸಿ, ಎಲ್ಲರೆದುರು ಕೋಟು ಹೊಲಿಯುವವನ ಕೈಗೆ ಕೊಟ್ಟರು. ಅಪ್ಪ ನೆಲ ನೋಡಿದರು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ. ತೆಗೆದುಕೊಂಡು, ಕನ್ನಡಿಯಲ್ಲಿ ಅವಳನ್ನು ಹುಡುಕಿ ನಕ್ಕ.

ಊಟದ ಹೊತ್ತಿಗೆ ಅಂಗಡಿ ಖಾಲಿಯಾದಾಗ ಒಳಗೆ ಬಂದು, ಕತ್ತರಿಯನ್ನು ಅವಳ ಮುಂದಿಟ್ಟ.

"ತಗೋ, ನಿನ್ನ ಕತ್ತರಿ ನಿನಗೇ. ಹೆಸರಿಗೆ ನಾನು, ಕೆಲಸಕ್ಕೆ ನೀನು. ಹೇಗೂ ಮದುವೆ ಆಗೋರು. ಎಲ್ಲಾ ನಮ್ಮನೇದೇ ಅಲ್ವಾ?"

ಎಷ್ಟು ಕಾಲದಿಂದ ಕಾದಿದ್ದ ಮಾತು! ಬಂದದ್ದು ಹೀಗೆ, ಕತ್ತರಿಯ ಜೊತೆ ಕೊಸರಿನಂತೆ. ಅವಳು ಕತ್ತರಿಯನ್ನು ಅವನ ಕಡೆಗೇ ಸರಿಸಿದಳು.

"ಹೆಸರು ನಂದಾಗಿ ಕೆಲಸ ನಿಂದಾದ್ರೆ, ನೀನು ಈ ಪರದೆ ಹಿಂದೆ ಕೂರ್ತೀಯಾ?"

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. "ಅದು ಹೇಗಾಗುತ್ತೆ?"

"ಹಾಗಾದ್ರೆ ಇದೂ ಆಗಲ್ಲ."

"ನಿನ್ನ ಒಳ್ಳೇದಕ್ಕೇ ಕಣೇ ಒಪ್ಕೊಂಡಿದ್ದು."

"ಅಪ್ಪನೂ ಹಾಗೇ ಹೇಳ್ತಾರೆ. ಅಪ್ಪನ ಪರದೆ ಹಿಂದಿನಿಂದ ಎದ್ದು ಗಂಡನ ಪರದೆ ಹಿಂದೆ ಕೂರೋಕೆ ನನಗೆ ಮದುವೆ ಯಾಕೆ?"

ಕೈಗಂಟಿದ್ದ ಸೀಮೆಸುಣ್ಣ ಒರೆಸಿಕೊಂಡು ಅವಳು ಮನೆಗೆ ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಳುವುದಕ್ಕೂ ಮನಸ್ಸಾಗದೆ ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚುತ್ತಾ ಕೂತಳು. ಅಮ್ಮ ಊಟಕ್ಕೆ ಕರೆದು ಕರೆದು ಸುಮ್ಮನಾದಳು.

ಒಂದು ಸಂಜೆ ಅಪ್ಪ ಬಂದು ಎದುರಿಗೆ ಕೂತರು. ಅವಳು ಬಿಟ್ಟು ಬಂದ ಮೇಲೆ ಕೋಟು ಹೊಲಿಯುವವನು ಅವರನ್ನೇ ಅಂಗಡಿಗೆ ಕರೆಸಿ, ಮಾಸ್ಟರಾಗಿ ಮುಂದೆ ನಿಲ್ಲಿಸಿ, ತಾನು ಪರದೆಯ ಹಿಂದೆ ನಿಂತು ಕತ್ತರಿಸಿದನಂತೆ. ಗಿರಾಕಿಯೊಬ್ಬ ಅವನು ಕತ್ತರಿಸಿದ ಸೂಟು ಹಾಕಿಕೊಂಡು, ಅಪ್ಪನ ಕಡೆ ನೋಡಿ, ಮಾಸ್ಟರ ಕೈಗೆ ಬಂಗಾರ ತೊಡಿಸಬೇಕು ಅಂತ ಹೊಗಳಿದಾಗ ಅವನು ಒಳಗೇ ಇದ್ದ. ಸಂಜೆ ಹೊರಬಂದಾಗ ಮುಖ ಬಾಡಿತ್ತು.

"ಇಷ್ಟು ವರ್ಷ ಅವಳು ಇದನ್ನ ಹೇಗೆ ನುಂಗಿದಳು ಅಂತ ಕೇಳಿದ, ಮಗಳೇ," ಎಂದರು ಅಪ್ಪ. "ನಾಳೆ ನನ್ನ ಜೊತೆ ಅಂಗಡಿಗೆ ಬಾ."

ಬೆಳಿಗ್ಗೆ ಅವಳು ಅಪ್ಪನ ಜೊತೆ ಅಂಗಡಿಗೆ ಹೋದಾಗ ಪರದೆ ಇರಲಿಲ್ಲ. ಬರಿಯ ಕಂಬಿ. ಕಟಿಂಗ್ ಟೇಬಲ್ಲನ್ನು ಬೀದಿಬದಿಯ ಕಿಟಕಿಯ ಹತ್ತಿರ ಎಳೆದಿಟ್ಟಿದ್ದರು, ಅದರ ಮೇಲೆ ಕತ್ತರಿ. ಯಜಮಾನರು ಸಿಡಿಮಿಡಿಗೊಂಡು ಕೂತಿದ್ದರು. ಕತ್ತರಿ ಅವಳದು, ತನಗೆ ಬೇಡ ಎಂದು ಕೋಟು ಹೊಲಿಯುವವನು ಅಷ್ಟರಲ್ಲಾಗಲೇ ಹೇಳಿಯಾಗಿತ್ತು.

"ನನ್ನ ಕಣ್ಣೇನು ಕುರುಡಾ, ತಾಯಿ?" ಎಂದರು ಯಜಮಾನರು. " ನೀನೇ ಕತ್ತರಿಸೋದು ಅಂತ ಗೊತ್ತಿತ್ತು. ಪರದೆ ಇರೋತನಕ ಗೊತ್ತಿಲ್ಲದ ಹಾಗಿದ್ದೆ. ಸರಿ, ಒಂದು ತಿಂಗಳು ನೋಡೋಣ."

"ಇವನಿಗೂ ಒಂದು ತಿಂಗಳು ಅಂದಿದ್ರಾ?"

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಒರೆಸುವುದು ಮುಗಿಯಲೇ ಇಲ್ಲ. ಕೊನೆಗೆ, "ಇಲ್ಲ," ಎಂದರು.

"ಹಾಗಾದ್ರೆ ನನಗೂ ಆ ಒಂದು ತಿಂಗಳು ಬೇಡ."

ಅಳತೆ ಕೊಡಲು ಕಾಯುತ್ತಿದ್ದ ಗಿರಾಕಿ ಎದ್ದ. ಇನ್ನೊಂದು ದಿನ ಬರುತ್ತೇನೆಂದು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ. ಅಪ್ಪನ ಭಯ ಸುಳ್ಳಾಗಿರಲಿಲ್ಲ. ಮಷಿನ್‌ಗಳೆಲ್ಲ ನಿಂತವು.

ಆಗ ಕೋಟು ಹೊಲಿಯುವವನು ಕನ್ನಡಿಯ ಮುಂದೆ ಹೋಗಿ ನೆಟ್ಟಗೆ ನಿಂತ.

"ನನಗೊಂದು ಕೋಟು ಬೇಕು, ಮಾಸ್ಟರ್. ಅಳತೆ ತಗೊಳ್ಳಿ."

ಆ ಅಂಗಡಿಯ ಪದ್ಧತಿಯೆಂದರೆ, ಮಾಸ್ಟರ್ ಅಳತೆಯನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಅವಳ ಸ್ವರ ಆ ಗೋಡೆಗಳಿಗೇ ಹೊಸದು. ಭುಜದ ಅಳತೆ ಅವಳಿಗೇ ಕೇಳಿಸದಷ್ಟು ಮೆಲ್ಲಗೆ ಬಂತು. ತೋಳಿನದು ಟೇಬಲ್ಲಿನವರೆಗೆ ಮುಟ್ಟಿತು. ಅಷ್ಟರಲ್ಲಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಪ್ಪ ಬರೆದುಕೊಳ್ಳತೊಡಗಿದ್ದರು. ಅವರ ಅಂಕಿಗಳು ನಡುಗುತ್ತಿದ್ದವು. ಮಗಳ ಸ್ವರ ಈಗ ನಡುಗುತ್ತಿರಲಿಲ್ಲ.

ಎದೆಯ ಸುತ್ತ ಟೇಪು ತಂದಾಗ ಅವನು ಉಸಿರು ಬಿಗಿಹಿಡಿದ.

"ಉಸಿರು ಬಿಡು. ಅಳತೆ ತಪ್ಪುತ್ತೆ."

"ಬಿಟ್ರೆ ಮಾತು ಬರುತ್ತೆ."

"ಬರಲಿ."

"ನಿನ್ನ ಪಕ್ಕದಲ್ಲಿ ನಿಲ್ಲಬೇಕು ಅಂತಿದ್ದೆ," ಎಂದ, ಅವಳಿಗೆ ಮಾತ್ರ ಕೇಳುವಂತೆ. "ನಿನ್ನ ಜಾಗದಲ್ಲೇ ನಿಂತ್ಬಿಟ್ಟೆ."

ಅವಳು ಟೇಪಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆದರೆ ಅದನ್ನು ಹಿಡಿದ ಬೆರಳು ಅವನ ಎದೆಯ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು. "ಕೋಟು ಯಾವುದಕ್ಕೆ?"

"ಮದುವೆಗೆ. ನೀನು ಒಪ್ಪಿದ್ರೆ. ಒಪ್ಪದಿದ್ರೂ ಹೊಲಿಸ್ಕೋತೀನಿ. ಕತ್ತರಿಸಿದ್ದು ಯಾರು ಅಂತ ಕೇಳಿದೋರಿಗೆಲ್ಲ ಹೇಳ್ಕೊಂಡು ತಿರುಗ್ತೀನಿ."

"ಮೊದಲು ಟ್ರಯಲ್ ಆಗಲಿ," ಎಂದಳು ಅವಳು. ಕಣ್ಣು ತುಂಬಿತ್ತು, ತುಟಿಯ ತುದಿ ಮಾತ್ರ ಮಾತು ಕೇಳದೆ ಮೇಲೇರುತ್ತಿತ್ತು. "ಕಚ್ಚಾ ಹೊಲಿಗೇಲಿ ಸರಿಯಾಗಿ ಕೂತ್ರೆ ಆಮೇಲೆ ನೋಡೋಣ."

ಕನ್ನಡಿಯಲ್ಲಿ ಈಗ ಇಬ್ಬರೂ ಪೂರ್ತಿಯಾಗಿ ಕಾಣುತ್ತಿದ್ದರು.

ಅವಳು ಕಿಟಕಿಯ ಬೆಳಕಿನಲ್ಲಿ ಬಟ್ಟೆ ಹರಡಿ, ಗೆರೆ ಎಳೆದು, ಕತ್ತರಿ ಎತ್ತಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಅಪರಿಚಿತರು ಇಣುಕಿ, ಮಾಸ್ಟರ್ ಇದ್ದಾರಾ ಎಂದು ಕೇಳಿದರು.

ಹಳೆಯ ರೂಢಿಯಲ್ಲಿ ಅಪ್ಪ ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡು ಮಗಳ ಕಡೆ ತಿರುಗಿದರು.

"ಇದ್ದೀನಿ," ಎಂದಳು ಅವಳು. "ಒಳಗೆ ಬನ್ನಿ."