ಕೊನೆಯ ತಪಾಸಣೆ: ಇಂದು

ಜೂನ್ 9, ಬೆಳಿಗ್ಗೆ 9.20. ತಂಗಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಅಕ್ಕ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ಸಂಜೆ 5.40ಕ್ಕೆ ಅವರ ವಸತಿ ಕಟ್ಟಡದ ಲಿಫ್ಟ್ ಎರಡನೇ ಮಹಡಿಯಿಂದ ಕುಸಿದು ತಂಗಿಯ ಎರಡೂ ಕಾಲು ಮುರಿದಿದ್ದವು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡು, 10.45ಕ್ಕೆ ಸ್ಥಳದಲ್ಲಿ ಪಂಚನಾಮೆ ಮುಗಿಸಿದರು. ಕಟ್ಟಡದ ಮ್ಯಾನೇಜರ್ ಹಿಂದಿನ ರಾತ್ರಿಯೇ ತೆಗೆದಿಟ್ಟಿದ್ದ ತಮ್ಮ ವೆಬ್ ಪುಟದ ಪ್ರಿಂಟ್ ಕೊಟ್ಟ. ‘ಲಿಫ್ಟ್ ಕೊನೆಯ ತಪಾಸಣೆ: ಜೂನ್ 8.’

"ಬೆಳಿಗ್ಗೆ ಮೆಕ್ಯಾನಿಕ್ ನೋಡಿ ಹೋದ, ಸಂಜೆ ಬಿತ್ತು ಮೇಡಂ. ಇನ್ನೇನು ಹೇಳ್ಲಿ?"

ಹನ್ನೆರಡಕ್ಕೆ ಮೆಕ್ಯಾನಿಕ್‌ನನ್ನು ಠಾಣೆಗೆ ಕರೆತಂದರು.

"ಕೊನೇ ಸಲ ಯಾವಾಗ ಹೋಗಿದ್ರಿ?"

"ಫೆಬ್ರುವರಿಯಲ್ಲಿ. ಆಮೇಲೆ ಕರೆದೇ ಇಲ್ಲ."

"ಕಟ್ಟಡದ ಪುಟದಲ್ಲಿ ನಿನ್ನೆ ಅಂತಿದೆ."

"ಪುಟಕ್ಕೇನು ಮೇಡಂ, ಅದು ಏಣಿ ಹತ್ತಬೇಕಾ, ಗ್ರೀಸ್ ಹಚ್ಚಬೇಕಾ."

ಹೆಡ್ ಕಾನ್ಸ್‌ಟೇಬಲ್ ನಗು ನುಂಗಿಕೊಂಡರು. ಮೆಕ್ಯಾನಿಕ್ ನಗಲಿಲ್ಲ. ಆ ಒಂದು ಹಾಳೆ ಸಾಕು, ತಾನು ಲಾಕಪ್ ಸೇರಲು ಎಂಬುದು ಅವನಿಗೆ ಗೊತ್ತಿತ್ತು.

ಇನ್‌ಸ್ಪೆಕ್ಟರ್‌ಗೆ ಇನ್ನೊಬ್ಬರು ತಂದ ಕಾಗದವನ್ನು ನೇರವಾಗಿ ಫೈಲಿಗೆ ಸೇರಿಸಿ ಅಭ್ಯಾಸವಿರಲಿಲ್ಲ. ಠಾಣೆಯ ಕಂಪ್ಯೂಟರಿನಲ್ಲೇ ಪುಟ ತೆಗೆಸಿದರು. ಅದರಲ್ಲಿ ಜೂನ್ 9 ಎಂದಿತ್ತು.

"ನಿನ್ನೆಯಿಂದ ಕೆಳಗೆ ಬಿದ್ದುಕೊಂಡಿರೋ ಲಿಫ್ಟನ್ನ ಇವತ್ತು ಯಾರಪ್ಪ ತಪಾಸಣೆ ಮಾಡಿದ್ದು?"

ಹೆಡ್ ಕಾನ್ಸ್‌ಟೇಬಲ್ ಸ್ವಲ್ಪ ಯೋಚಿಸಿ, ಕಂಪ್ಯೂಟರಿನ ತಾರೀಖನ್ನೇ ಮುಂದಿನ ವರ್ಷಕ್ಕೆ ತಳ್ಳಿ ಪುಟವನ್ನು ಮತ್ತೆ ತೆರೆದರು.

"ಮುಂದಿನ ವರ್ಷದ ತಪಾಸಣೆನೂ ಆಗ್ಹೋಗಿದೆ ಮೇಡಂ." ಪುಟದ ಹಿಂದಿನ ಕೋಡ್ ತೆಗೆದು ಬೆರಳಿಟ್ಟು ತೋರಿಸಿದರು. "ಇಲ್ಲಿ ತಾರೀಖೇ ಬರೆದಿಲ್ಲ. ಇವತ್ತಿನ ದಿನಾಂಕ ತೋರಿಸು ಅಂತ ಒಂದು ಸಾಲು ಅಷ್ಟೇ. ನನ್ನ ಮಗಳಿಗೆ ಕಂಪ್ಯೂಟರ್ ಕ್ಲಾಸಿನ ಎರಡನೇ ವಾರದಲ್ಲೇ ಕಲಿಸಿದ್ರು."

ಮಧ್ಯಾಹ್ನ 3.10ಕ್ಕೆ ಮ್ಯಾನೇಜರ್ ಎದುರು ಕೂತಿದ್ದ.

"ಪುಟ ಯಾರು ಮಾಡಿದ್ದು?"

"ನಾನೇ. ಮನೇಲೇ ಕೂತು ಕಲಿತೆ."

"ಈ ಸಾಲು?"

ಅವನು ಪರದೆಯತ್ತ ಬಗ್ಗಿ ಸಾಲನ್ನು ಓದಿದ.

"ಹಳೇ ತಾರೀಖು ಕಂಡ್ರೆ ಎಲ್ಲರೂ ಬೈತಿದ್ರು. ಇದನ್ನ ಹಾಕಿದ ಮೇಲೆ ಯಾರೂ ಕೇಳ್ಲಿಲ್ಲ."

"ಮೆಕ್ಯಾನಿಕ್ ಬಂದಿದ್ದ ಅಂದ್ರಲ್ಲ?"

"ಹೆದರಿಬಿಟ್ಟೆ."

3.40ಕ್ಕೆ ಬಂಧನವಾಯಿತು. ಹೇಳಿಕೆಯ ಕೊನೆಗೆ ಅವನು ತಾನಾಗಿ ಒಂದು ಮಾತು ಸೇರಿಸಿದ: ದಿನಾ ಬೆಳಿಗ್ಗೆ ಆ ಪುಟ ನೋಡಿ ನೋಡಿ, ತಪಾಸಣೆ ಆಗಿದೆ ಎಂದು ತನಗೂ ಅನ್ನಿಸತೊಡಗಿತ್ತು.

ಮೆಕ್ಯಾನಿಕ್‌ಗೆ ಹೋಗಬಹುದು ಎಂದರು. ಅವನು ಬಾಗಿಲವರೆಗೆ ಹೋಗಿ ನಿಂತ.

"ಮೇಡಂ, ಆ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್ ಇದೆ. ಅದನ್ನೂ ನಾನು ನೋಡಿದ್ದು ಫೆಬ್ರುವರಿಯಲ್ಲೇ."

ಇನ್‌ಸ್ಪೆಕ್ಟರ್ ಜೀಪಿನ ಕೀಲಿಗೆ ಕೈ ಚಾಚಿದರು.